ಅತ್ತಿಬೆಲೆ ದಾಟದ ಸರ್ಟಿಫಿಕೇಟು

ಜೂಜುವಾಡಿ ದಾಟಿದರೆ ಅತ್ತಿಬೆಲೆ. ಬೆಳಗಾದರೆ ಹೊಸೂರು, ಬಾಗಲೂರು, ತಳಿ ಕಡೆಯ ಕೆಲಸಗಾರರು ಬಸ್ಸು, ಬೈಕು ಹಿಡಿದು ಬೆಂಗಳೂರಿನತ್ತ ಹೊರಡುತ್ತಾರೆ. ಅವರಲ್ಲೊಬ್ಬ ಕನ್ನಡದ ವೈರ್‌ಮನ್ ಎಂದಿಟ್ಟುಕೊಳ್ಳಿ. ಅವನ ಬೈಕಿನ ಲೈಸೆನ್ಸು ತಮಿಳುನಾಡಿನದೇ. 1988ರ ಮೋಟಾರು ವಾಹನ ಕಾಯ್ದೆಯಂತೆ ದೇಶವಿಡೀ ನಡೆಯುತ್ತದೆ. ಐ.ಟಿ.ಐ.ನಲ್ಲಿ ಪಡೆದ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರಕ್ಕೂ ಗಡಿಯ ತಂಟೆಯಿಲ್ಲ. ಜೇಬಲ್ಲಿರೋ ವೈರ್‌ಮನ್ ಸರ್ಟಿಫಿಕೇಟು ಮಾತ್ರ ತಾನಾಗಿ ಅತ್ತಿಬೆಲೆ ದಾಟುವುದಿಲ್ಲ.

ಅದನ್ನು ಕೊಡುವುದು ರಾಜ್ಯ. ಅಲ್ಲಿ ಚೆನ್ನೈಯ ವಿದ್ಯುತ್ ಲೈಸೆನ್ಸಿಂಗ್ ಮಂಡಳಿ, ಇಲ್ಲಿ ಬೆಂಗಳೂರಿನ ವಿದ್ಯುತ್ ಪರಿವೀಕ್ಷಣಾಲಯ. 1956ರ ವಿದ್ಯುತ್ ನಿಯಮಾವಳಿಯ 45ನೇ ನಿಯಮದಲ್ಲಿ ಇದ್ದದ್ದೇ ಹೀಗೆ; 2010ರಲ್ಲಿ, 2023ರಲ್ಲಿ ಹೊಸ ನಿಯಮಗಳು ಬಂದರೂ ಈ ಮಾತು ಉಳಿದುಕೊಂಡಿತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸಲು ಪರ್ಮಿಟ್ ಬೇಡ. ಮನೆಗೆ ಹೊಸ ವೈರಿಂಗ್ ಆಗಬೇಕೋ, ರಾಜ್ಯದ ಲೈಸೆನ್ಸ್ ಪಡೆದ ಗುತ್ತಿಗೆದಾರ ಬೇಕು, ಅರ್ಹ ಮೇಲ್ವಿಚಾರಕ ಬೇಕು, ಕೆಲಸ ಮಾಡುವವನ ಹತ್ತಿರ ಆ ರಾಜ್ಯ ಕೊಟ್ಟ ಇಲ್ಲವೇ ಮಾನ್ಯ ಮಾಡಿದ ಪರ್ಮಿಟ್ ಇರಬೇಕು.

ಕರೆಂಟಿನ ವಿಷಯ, ಕಟ್ಟುನಿಟ್ಟು ಬೇಕೇ ಬೇಕು ಅನ್ನಿ. ಆದರೆ ಹೊಸೂರಲ್ಲೂ 230 ವೋಲ್ಟು, ಆನೇಕಲ್‌ನಲ್ಲೂ 230 ವೋಲ್ಟು. ವೈರಿಂಗಿನ ಐ.ಎಸ್. 732 ಮಾನದಂಡವೂ ಎರಡೂ ಕಡೆಗೆ ಒಂದೇ. ಪೈಪು ಕೂರಿಸಿ, ವೈರು ಎಳೆದು, ಅರ್ಥಿಂಗ್ ಮಾಡೋನು ನಮ್ಮ ಹುಡುಗ. ಕೆಲಸ ಮುಗಿದ ವರದಿಗೆ ರುಜು ಹಾಕೋದು ಇಲ್ಲಿನ ಗುತ್ತಿಗೆದಾರ. ತನ್ನದೇ ಹೆಸರಲ್ಲಿ ಕೆಲಸ ಹಿಡಿಯಬೇಕೆಂದರೆ ಕರ್ನಾಟಕದ ಲೈಸೆನ್ಸಿಗೆ ಮತ್ತೆ ಅರ್ಜಿ, ಮತ್ತೆ ಶುಲ್ಕ, ಕೂಲಿ ಬಿಟ್ಟು ಕಚೇರಿಗೆ ಅಲೆದಾಟ.

‘ಮಾನ್ಯ ಮಾಡಿದ’ ಅನ್ನೋ ಮಾತು ನಿಯಮದಲ್ಲೇ ಇದೆ. ಎರಡೂ ಸರ್ಕಾರಗಳು ಕೂತು ಪರಸ್ಪರ ಒಪ್ಪಿಕೊಂಡರೆ ಕಾಯ್ದೆ ತಿದ್ದುವ ಗೋಜೂ ಇಲ್ಲ.