ಹಿಮಗುಹೆಯಲ್ಲಿ ಹನ್ನೆರಡು ವರ್ಷ

ಮುಕ್ತಿಗೆ ಪುರುಷಜನ್ಮವೇ ಬೇಕೆ? ಈ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿ ಕೊಟ್ಟವರು ತೆನ್ಜಿನ್ ಪಾಲ್ಮೊ. 1943ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈಕೆಯ ಮೊದಲ ಹೆಸರು ಡಯೇನ್ ಪೆರಿ. ತಂದೆ ಲಂಡನ್ನಿನಲ್ಲಿ ಮೀನಿನ ವ್ಯಾಪಾರಿ. 1964ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಭಾರತಕ್ಕೆ ಬಂದು ಟಿಬೆಟಿನ ಗುರು ಖಾಮ್‌ತ್ರುಲ್ ರಿನ್‌ಪೋಚೆಯವರಿಂದ ಬೌದ್ಧ ಸಂನ್ಯಾಸದೀಕ್ಷೆ ಪಡೆದರು. ಆದರೆ ಸುಮಾರು ನೂರು ಭಿಕ್ಷುಗಳ ನಡುವೆ ಏಕೈಕ ಸ್ತ್ರೀಯಾಗಿದ್ದ ಆಕೆಗೆ, ಅವರಿಗೆ ದೊರೆಯುತ್ತಿದ್ದ ವಿದ್ಯೆ ದೊರೆಯಲಿಲ್ಲ. ಸ್ತ್ರೀರೂಪದಲ್ಲಿಯೇ ಬೋಧಿಯನ್ನು ಪಡೆಯುವೆನೆಂದು ಆಕೆ ಪಣತೊಟ್ಟರು.

1976ರಲ್ಲಿ ಹಿಮಾಲಯದ ಲಾಹುಲ್ ಪ್ರಾಂತದಲ್ಲಿ, 13,200 ಅಡಿ ಎತ್ತರದ ಗುಹೆಯೊಂದನ್ನು ಸೇರಿದರು. ಬೇಸಗೆಯಲ್ಲಿ ಆಲೂಗಡ್ಡೆ ಮೊದಲಾದುವನ್ನು ತಾವೇ ಬೆಳೆದುಕೊಂಡರು. ಹಾಸಿಗೆಯ ಮಾತೇ ಇಲ್ಲ. ಪುಟ್ಟದೊಂದು ಮರದ ಪೆಟ್ಟಿಗೆಯಲ್ಲಿ ಕುಳಿತೇ ಧ್ಯಾನ, ಕುಳಿತೇ ನಿದ್ರೆ. ಒಮ್ಮೆ ಹಿಮ ಸುರಿದು ಗುಹೆಯೇ ಮುಚ್ಚಿಹೋದಾಗ, ಪಾತ್ರೆಯ ಮುಚ್ಚಳದಿಂದ ದಾರಿ ತೋಡಿ ಹೊರಬಂದರು. ಕಡೆಯ ಮೂರು ವರ್ಷ ಕಠೋರ ಏಕಾಂತ. ಅದು ಮುರಿದುದು 1988ರಲ್ಲಿ, ವೀಸಾ ವಿಚಾರಿಸಲು ಬಂದ ಪೊಲೀಸಿನವನಿಂದ!

ತಾವು ಪಡೆದ ಸಿದ್ಧಿಯ ವಿಷಯದಲ್ಲಿ ಆಕೆ ಮಿತಭಾಷಿ. ಆದರೆ ಆ ತಪಸ್ಸಿನ ಫಲ ಗುಹೆಯಲ್ಲಿಯೇ ಉಳಿಯಲಿಲ್ಲ. 2000ದಲ್ಲಿ ಹಿಮಾಚಲ ಪ್ರದೇಶದಲ್ಲಿ ಆಕೆ ಸ್ಥಾಪಿಸಿದ ದೋಂಗ್ಯು ಗತ್ಸಲ್ ಲಿಂಗ್ ಮಠದಲ್ಲಿ, ಒಂದು ಕಾಲಕ್ಕೆ ತಮಗೆ ದೊರೆಯದಿದ್ದ ಶಾಸ್ತ್ರಾಧ್ಯಯನ ಇಂದು ಸಂನ್ಯಾಸಿನಿಯರಿಗೆ ದೊರೆಯುತ್ತಿದೆ.