ಕಾಲೊಳಗಿರುವುದು ಯಾವ ಲೋಹ?

ದಾವಣಗೆರೆ: ಗಿಲೀಟು ಓಲೆ ಇಟ್ಟರೆ ಕಿವಿ ಸೋರುತ್ತದೆ. ವಾಚಿನ ಚೈನು ಕಟ್ಟಿದರೆ ಮಣಿಕಟ್ಟು ಕೆಂಪಾಗುತ್ತದೆ. ‘ನಂಗೆ ಬಂಗಾರ ಬಿಟ್ರೆ ಬೇರೆ ಆಗಿಬರಲ್ಲ ಕಣ್ರೀ’ ಅನ್ನುವ ಹೆಂಗಸರು ಮಂಡಿಪೇಟೆ ಕಡೆ ಬೇಕಾದಷ್ಟು ಸಿಗುತ್ತಾರೆ. ಅಂಗಡಿಯವನು ನಗುತ್ತಾನೆ. ಇದು ಜಂಬವಲ್ಲ ಮಹರಾಯರೇ, ಬಹುಪಾಲು ನಿಕಲ್ ಲೋಹದ ಅಲರ್ಜಿ. ಒಮ್ಮೆ ಬಂತೆಂದರೆ ಸಾಮಾನ್ಯವಾಗಿ ಜೀವಮಾನವಿಡೀ ಬಿಡದು.

ಅದೇ ಹೆಂಗಸು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಳು ಅಂತಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಬೀಪಿ ಕೇಳುತ್ತಾರೆ, ಶುಗರ್ ಕೇಳುತ್ತಾರೆ. ಓಲೆಯ ವಿಷಯ ಕೇಳೋರು ಕಡಿಮೆ. ಕಿವಿಯ ತುರಿಕೆಗೂ ಕಾಲಿನ ಮೂಳೆಗೂ ಏನು ಸಂಬಂಧ ಅಂತ ಈಕೆಯೂ ಬಾಯಿಬಿಡುವುದಿಲ್ಲ. ಸಂಬಂಧವಿದೆ. ಮೂಳೆಗೆ ಕೂರಿಸುವ ಸ್ಟೀಲಿನ ಪ್ಲೇಟು, ಸ್ಕ್ರೂಗಳಲ್ಲಿ ನೂರಕ್ಕೆ 10ರಿಂದ 15 ಪಾಲು ನಿಕಲ್. ಮಂಡಿಗೆ ಹಾಕುವ ಕೋಬಾಲ್ಟ್-ಕ್ರೋಮಿಯಂನಲ್ಲೂ ಅದು ಚೂರುಪಾರು ಇರುತ್ತದೆ.

ಹಾಗಂತ ಆಪರೇಷನ್ ಬಿಟ್ಟು ಪುತ್ತೂರು ಕಟ್ಟಿಗೆ ಓಡಬೇಕಿಲ್ಲ. ಓಲೆ ಆಗದವರಲ್ಲೂ ಹೆಚ್ಚಿನವರಿಗೆ ಒಳಗಿನ ಲೋಹ ತೊಂದರೆ ಕೊಡುವುದಿಲ್ಲ. ಕೆಲವರ ಪಾಡು ಬೇರೆ. ಹೊಲಿಗೆ ಮಾಗಿದ ಮೇಲೂ ಪ್ಲೇಟಿನ ಮೇಲಿನ ಚರ್ಮ ಕಜ್ಜಿಗಟ್ಟುತ್ತದೆ, ಊತ ಇಳಿಯದು, ನೋವು ನಿಲ್ಲದು. ಆಗ ಮೊದಲು ನೋಡಬೇಕಾದ್ದು ಕೀವು ಆಗಿದೆಯೇ, ಸ್ಕ್ರೂ ಸಡಿಲಾಗಿದೆಯೇ ಎಂಬುದನ್ನು. ಎರಡೂ ಅಲ್ಲವೆಂದಾದ ಮೇಲೆ ಪ್ಯಾಚ್ ಟೆಸ್ಟ್. ಬೆನ್ನಿಗೆ ಲೋಹದ ಮದ್ದಿನ ಪಟ್ಟಿ ಅಂಟಿಸಿ 48 ಗಂಟೆ ಬಿಡುತ್ತಾರೆ; ಬೆನ್ನಿಗೆ ನೀರು ಸೋಕುವಂತಿಲ್ಲ. ಮತ್ತೆರಡು ದಿನಕ್ಕೆ ಇನ್ನೊಮ್ಮೆ ನೋಡುತ್ತಾರೆ.

ಇದನ್ನು ಮಾಡೋರು ಚರ್ಮದ ಡಾಕ್ಟರು. ಫಲಿತಾಂಶ ಏನೇ ಬರಲಿ, ಪ್ಲೇಟು ತೆಗೆಯಬೇಕಾದವರು ಮೂಳೆ ಡಾಕ್ಟರು. ‘ಅವರನ್ನೇ ಕೇಳಿ’ ‘ಇವರನ್ನೇ ಕೇಳಿ’ ಎಂದು ರೋಗಿ ಎರಡು ಬಾಗಿಲು ಅಲೆಯುತ್ತಾನೆ. ಎರಡೂ ಕಡೆ ಒಂದೇ ಪ್ರಶ್ನೆ: ಒಳಗಿರೋದು ಯಾವ ಲೋಹ? ಡಿಸ್ಚಾರ್ಜ್ ಚೀಟಿಯಲ್ಲಿ ‘ಪ್ಲೇಟು ಹಾಕಿದೆ’ ಎಂದಷ್ಟೇ ಇದ್ದರೆ ಆತ ಏನು ಹೇಳಬೇಕು? ಇದು ಬರೆಯುವವರ ಅಸಡ್ಡೆ.

ಮೂಳೆ ಕೂಡಿದ ಮೇಲೆ ಪ್ಲೇಟನ್ನಾದರೂ ತೆಗೆಸಬಹುದು. ಕೃತಕ ಮಂಡಿಯನ್ನು ಹಾಗೆ ತೆಗೆದಿಡಲಾಗದು, ಇನ್ನೊಂದು ಕೂರಿಸಬೇಕು. ಆದ್ದರಿಂದ ಕೇಳುವುದು ಮೊದಲೇ ಕೇಳಬೇಕು. ಟೈಟಾನಿಯಂನಂಥದ್ದು ಇದೆ, ಆದರೆ ದುಬಾರಿ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟಿಗೆ ದರ ಕಟ್ಟಿದಾಗ ಕೋಬಾಲ್ಟ್-ಕ್ರೋಮಿಯಂನದಕ್ಕೆ 54,720 ರೂಪಾಯಿ, ಟೈಟಾನಿಯಂ ಮುಂತಾದ ಲೋಹಗಳದಕ್ಕೆ 76,600 ಎಂದಿತ್ತು, ತೆರಿಗೆ ಬೇರೆ. ಮಂಡಿಯ ಡಬ್ಬಿಯೊಳಗೆ ಕಂಪನಿ, ಬ್ಯಾಚು ನಂಬರಿನ ಸ್ಟಿಕ್ಕರ್ ಬರುತ್ತದೆ. ಅದನ್ನು ಚೀಟಿಗೆ ಅಂಟಿಸಿಕೊಡಿ ಎಂದು ಕೇಳಿದರೆ ಕೊಡುತ್ತಾರೆ. ಪ್ಲೇಟಿನದಾದರೆ ಬಿಲ್ಲು ಇಸಕೊಳ್ಳಿ. ಎರಡನ್ನೂ ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.