ಕೆಟ್ಟು ನಿಂತ ಟ್ರೈಲರ್‌ಗೆ ಯಾರು ದಿಕ್ಕು?

ಕಳೆದ ಮೇ ತಿಂಗಳಲ್ಲಿ ಅಂತರಶಾಲಾ ರಸಪ್ರಶ್ನೆ ಸ್ಪರ್ಧೆ ಮುಗಿಸಿಕೊಂಡು ನಾವು ದುಬೈಯಿಂದ ಅಬುಧಾಬಿಗೆ ಶಾಲಾ ಬಸ್ಸಿನಲ್ಲಿ ಮರಳುತ್ತಿದ್ದೆವು. ಸಂಜೆ ನಾಲ್ಕು ಗಂಟೆಯಾಗಿದ್ದರೂ ಬಿಸಿಲು ಇಳಿದಿರಲಿಲ್ಲ. ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆಯಲ್ಲಿ ಜಬಲ್ ಅಲಿ ಕಳೆದ ಮೇಲೆ ಬಲಬದಿಯಲ್ಲಿ ಒಂದು ಟ್ರೈಲರ್ ಕೆಟ್ಟು ನಿಂತಿತ್ತು. ಅದರ ಚಾಲಕ ಹಿಂದಿನ ಚಕ್ರಕ್ಕೆ ಒರಗಿಕೊಂಡು, ವಾಹನಗಳು ಓಡುವ ಕಡೆಗೇ ಕುಳಿತಿದ್ದ. "ಅಯ್ಯೋ, ಆಚೆ ಬದಿಗೆ ಹೋಗಿ ಕೂರಬಾರದೇ!" ಎಂದಳು ನಮ್ಮಲ್ಲೊಬ್ಬಳು. "ಆಚೆ ಬದಿಯಲ್ಲಿ ನೆರಳೆಲ್ಲಿದೆ ಮಗೂ?" ಎಂದರು ಕನ್ನಡ ಟೀಚರ್.

ನಿಜವೇ. ಅಬುಧಾಬಿಯ ಕಡೆಗೆ ಹೋಗುವಾಗ ಮಧ್ಯಾಹ್ನದ ಮೇಲೆ ಸೂರ್ಯ ಬಲಗಡೆಗೆ ಇರುತ್ತಾನೆ. ನಿಂತ ಲಾರಿಯ ನೆರಳು ಬೀಳುವುದು ಎಡಗಡೆಗೆ, ಅಂದರೆ ವಾಹನಗಳು ನುಗ್ಗಿ ಬರುವ ಬದಿಗೆ. ಸುತ್ತ ಒಂದು ಮರವೂ ಇಲ್ಲ. ನೆರಳು ಬೇಕೆಂದರೆ ಅಪಾಯ, ಅಪಾಯ ಬೇಡವೆಂದರೆ ಸುಡುವ ಬಿಸಿಲು!

ಟೀಚರ್ ಕೂಡಲೇ ಪೊಲೀಸರಿಗೆ ಫೋನ್ ಮಾಡಿದರು. "ಎಲ್ಲಿ? ಯಾವ ಎಕ್ಸಿಟ್ ಕಳೆದ ಮೇಲೆ?" ಎಂದು ಅತ್ತಲಿಂದ ಕೇಳಿದಾಗ ನಲವತ್ತು ಮಂದಿಯಲ್ಲಿ ಒಬ್ಬರಿಗೂ ಉತ್ತರ ತಿಳಿಯದು. ರಸಪ್ರಶ್ನೆಯಲ್ಲಿ ಬಹುಮಾನ ಗೆದ್ದು ಬಂದವರು ನಾವು! ಆ ನಾಚಿಕೆಯಿಂದಲೇ ಈ ಲೇಖನ ಹುಟ್ಟಿತು. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಗೆ ನೆರವು ಹೇಗೆ ಬರುತ್ತದೆ ಎಂದು ನಾವು ವಿಚಾರಿಸಿ ತಿಳಿದುಕೊಂಡೆವು. ಮುಸಫ್ಫಾದ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ, ನಮ್ಮ ಸಹಪಾಠಿಯೊಬ್ಬನ ತಂದೆ ಬಹಳಷ್ಟು ವಿವರಿಸಿದರು. ಅವರು ಪುತ್ತೂರಿನವರು.

ಸಾಮಾನು ಸಾಗುವ ದಾರಿ

ಜಬಲ್ ಅಲಿ ಬಂದರು ಉದ್ಘಾಟನೆಯಾದದ್ದು 1979ರಲ್ಲಿ, ಅಬುಧಾಬಿಯ ಖಲೀಫಾ ಬಂದರು ಕೆಲಸ ಆರಂಭಿಸಿದ್ದು 2012ರಲ್ಲಿ. ಇಲ್ಲಿಗೆ ಹಡಗಿನಲ್ಲಿ ಬಂದ ಕಂಟೈನರುಗಳನ್ನು ಊರೂರಿಗೆ ಮುಟ್ಟಿಸುವವು ಟ್ರೈಲರುಗಳೇ. ಇ-11 ಹೆದ್ದಾರಿ ಸೌದಿ ಅರೇಬಿಯದ ಗಡಿಯಲ್ಲಿರುವ ಗುವೈಫಾತ್‌ನಿಂದ ಅಬುಧಾಬಿ, ದುಬೈ ದಾಟಿ ರಾಸ್ ಅಲ್ ಖೈಮಾದವರೆಗೆ ಐನೂರು ಕಿ.ಮೀ.ಗೂ ಹೆಚ್ಚು ದೂರ ಸಾಗುತ್ತದೆ. 2023ರಲ್ಲಿ ಎತಿಹಾದ್ ರೈಲಿನ ಸರಕು ಸಾಗಣೆ ಜಾಲ ಗುವೈಫಾತ್‌ನಿಂದ ಫುಜೈರಾದವರೆಗೆ ಪೂರ್ಣಗೊಂಡಿತು. ಆದರೂ ರೈಲಿನಿಂದ ಇಳಿದ ಸರಕು ಅಂಗಡಿ ಬಾಗಿಲಿಗೆ ಬರಲು ಲಾರಿ ಬೇಕೇ ಬೇಕು. ನಾವು ಬೆಳಿಗ್ಗೆ ಕುಡಿಯುವ ಹಾಲು, ತಿನ್ನುವ ಅಕ್ಕಿ, ಓದುವ ಪುಸ್ತಕ ಎಲ್ಲವೂ ಯಾರೋ ಒಬ್ಬ ಚಾಲಕ ತಂದುಕೊಟ್ಟದ್ದು.

ಲಾರಿ ಏಕೆ ನಿಲ್ಲುತ್ತದೆ?

ಮೊದಲ ಕಾರಣ ಟೈರು. ರಸ್ತೆಯ ಬದಿಯಲ್ಲಿ ಬಿದ್ದಿರುವ ಕಪ್ಪು ರಬ್ಬರಿನ ಪಟ್ಟಿಗಳನ್ನು ನೀವೂ ನೋಡಿರಬಹುದು. ಗಾಳಿ ಕಡಿಮೆಯಿರುವ ಟೈರು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ. ಇಲ್ಲಿನ ಬೇಸಿಗೆಯಲ್ಲಿ ಗಾಳಿಯ ತಾಪವೇ 45 ಡಿಗ್ರಿ ದಾಟುತ್ತದೆ; ಡಾಂಬರು ಅದಕ್ಕಿಂತಲೂ ಬಿಸಿ. ಮೇಲೆ ಅತಿಭಾರವೂ ಸೇರಿದರೆ ಟೈರಿನ ಪದರಗಳು ಬಿಟ್ಟುಕೊಂಡು ಸಿಡಿಯುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಉದಾಹರಣೆಗೆ 3524 ಎಂದಿದ್ದರೆ ಅದು 2024ರ 35ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಇಂದೇ ನಿಮ್ಮ ಮನೆಯ ಕಾರಿನಲ್ಲೂ ನೋಡಿ!

ಎರಡನೆಯದು ಇಂಜಿನ್ ಕಾಯುವುದು. ಫ್ಯಾನ್ ಬೆಲ್ಟ್ ಹರಿದರೆ ಅಥವಾ ರೇಡಿಯೇಟರಿನ ಹೋಸ್ ಒಡೆದರೆ ಲಾರಿ ಮುಂದೆ ಹೋಗದು. ಮೂರನೆಯದು ಬ್ರೇಕು. ದೊಡ್ಡ ಲಾರಿಗಳ ಬ್ರೇಕಿನಲ್ಲಿ ಬಲವಾದ ಸ್ಪ್ರಿಂಗುಗಳಿರುತ್ತವೆ. ಅವನ್ನು ಹಿಡಿದಿಡುವುದು ಟ್ಯಾಂಕಿಯಲ್ಲಿರುವ ಗಾಳಿಯ ಒತ್ತಡ. ಪೈಪಿನಿಂದ ಗಾಳಿ ಸೋರಿಹೋದರೆ ಸ್ಪ್ರಿಂಗುಗಳು ತಾವಾಗಿಯೇ ಚಕ್ರಗಳನ್ನು ಬಿಗಿಹಿಡಿಯುತ್ತವೆ. ಲಾರಿ ಎಲ್ಲಿದೆಯೋ ಅಲ್ಲಿಯೇ ಕಲ್ಲಿನಂತೆ ನಿಲ್ಲುತ್ತದೆ. ಇದು ರಕ್ಷಣೆಗಾಗಿ ಮಾಡಿದ ಏರ್ಪಾಡೇ. ಆದರೆ ನಿಂತ ಜಾಗ ನಡುರಸ್ತೆಯಾದರೆ ಅದೇ ಗಂಡಾಂತರ.

ನೆರವಿಗೆ ತಡವೇಕೆ?

ಕಾರನ್ನು ಹೊತ್ತೊಯ್ಯುವ 'ರಿಕವರಿ'ಯನ್ನು ನಾವೆಲ್ಲ ನೋಡಿದ್ದೇವೆ. ಟ್ರೈಲರ್‌ಗೆ ಅದು ಸಾಲದು. ಮೊದಲು ಸಾಮಾನ್ಯವಾಗಿ ಒಂದು ಸಣ್ಣ ವ್ಯಾನಿನಲ್ಲಿ ಮೆಕ್ಯಾನಿಕ್ ಬರುತ್ತಾರೆ. ಕಂಪ್ರೆಸರ್, ದೊಡ್ಡ ಜಾಕ್, ಟೈರು, ಹೋಸ್, ಬ್ಯಾಟರಿ ಎಲ್ಲ ಅದರಲ್ಲೇ ಇರುತ್ತದೆ. ಅಲ್ಲಿಯೇ ಸರಿಯಾದರೆ ಅದೃಷ್ಟ. ಇಲ್ಲವಾದರೆ ಭಾರಿ ರಿಕವರಿ ಬರಬೇಕು. ಅದು ಬಂದ ತಕ್ಷಣ ಎಳೆದುಕೊಂಡು ಹೋಗುವ ಹಾಗೂ ಇಲ್ಲ. ಗಾಳಿ ತುಂಬಿಸಿ ಅಥವಾ ಬೋಲ್ಟು ತಿರುಗಿಸಿ ಬ್ರೇಕು ಬಿಡಿಸಬೇಕು. ಇಂಜಿನ್ ನಿಂತಿರುವಾಗ ಗೇರ್‌ಬಾಕ್ಸಿಗೆ ಸರಿಯಾಗಿ ಎಣ್ಣೆ ಹರಿಯದಿರುವುದರಿಂದ, ಹಿಂದಿನ ಚಕ್ರಗಳು ನೆಲದ ಮೇಲೆ ಉರುಳುವುದಾದರೆ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಬೇಕು. ಬಿಚ್ಚದೆ ಎಳೆದರೆ ಗೇರ್‌ಬಾಕ್ಸ್ ಹಾಳಾಗುತ್ತದೆ. ಇಷ್ಟು ಕೆಲಸವನ್ನು ಒಂದಿಬ್ಬರು ಲಾರಿಯಡಿಗೆ ಮಲಗಿ ಮಾಡುತ್ತಾರೆ. ಕೆಲವೇ ಅಡಿ ದೂರದಲ್ಲಿ ವಾಹನಗಳು ನೂರರ ವೇಗದಲ್ಲಿ ಹೋಗುತ್ತಿರುತ್ತವೆ.

ಕೆಟ್ಟದ್ದು ಮುಂದಿನ 'ಹೆಡ್' ಮಾತ್ರವಾದರೆ ಇನ್ನೊಂದು ಉಪಾಯವಿದೆ. ಬೇರೆ ಹೆಡ್ ತಂದು ಹಿಂದಿನ ಟ್ರೈಲರನ್ನು ಅದಕ್ಕೆ ಸಿಕ್ಕಿಸಿ ಸರಕನ್ನು ಮುಂದಕ್ಕೆ ಕಳಿಸುತ್ತಾರೆ. "ಆಗ ಸರಕು ಬೇಗ ಹೋಗುತ್ತದೆ. ಆದರೆ ಕೆಟ್ಟ ಹೆಡ್ಡಿನ ಜೊತೆ ಚಾಲಕ ಅಲ್ಲೇ ಉಳಿಯುತ್ತಾನೆ" ಎಂದರು ಅಂಕಲ್. ಈ ಮಾತು ನಮ್ಮ ಮನಸ್ಸಿನಲ್ಲಿ ನಿಂತುಹೋಯಿತು.

ನಮ್ಮೂರಿನಲ್ಲಿ ಶಿರಾಡಿ ಘಾಟಿಯಲ್ಲಿ ಲಾರಿ ಕೆಟ್ಟರೆ ಕ್ಲೀನರ್ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾನೆ, ಸೊಪ್ಪಿನ ಕೊಂಬೆ ಮುರಿದು ಹಿಂದೆ ರಸ್ತೆಯ ಮೇಲೆ ಇಡುತ್ತಾನೆ. ಕೊಂಬೆ ಕಂಡರೆ ಮುಂದೆ ಲಾರಿ ನಿಂತಿದೆ ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಭಾರತದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಈಗ 1033 ಎಂಬ ಸಹಾಯವಾಣಿಯೂ ಇದೆ. ಇಲ್ಲಿ ಹೆಚ್ಚಿನ ಲಾರಿಗಳಲ್ಲಿ ಕ್ಲೀನರ್ ಇಲ್ಲ, ಮುರಿಯಲು ಕೊಂಬೆಯೂ ಇಲ್ಲ. ಕೆಂಪು ತ್ರಿಕೋನವೇ ಕೊಂಬೆ. ಅದನ್ನು ಹಿಡಿದು ಲಾರಿಯ ಹಿಂದಕ್ಕೆ ಒಬ್ಬನೇ ನಡೆದು ಹೋಗಬೇಕಾದವನು ಚಾಲಕ.

ಚಳಿಗಾಲದ ಮಂಜು ಇದಕ್ಕಿಂತ ಕಷ್ಟ. 2008ರ ಮಾರ್ಚ್ 11ರ ಬೆಳಿಗ್ಗೆ ಅಬುಧಾಬಿ–ದುಬೈ ರಸ್ತೆಯ ಘಂತೂತ್ ಬಳಿ ಮಂಜಿನಲ್ಲಿ ಇನ್ನೂರಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಡಿಕ್ಕಿ ಹೊಡೆದವು, ಪ್ರಾಣಹಾನಿಯೂ ಆಯಿತು. ಮುಂದೆ ನಿಂತ ವಾಹನ ಹಿಂದಿನವರಿಗೆ ಕಾಣದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಈಗ ದಟ್ಟ ಮಂಜಿನ ಹೊತ್ತಿನಲ್ಲಿ ಅಬುಧಾಬಿ ಪೊಲೀಸರು ಲಾರಿಗಳ ಓಡಾಟವನ್ನು ತಡೆಯುತ್ತಾರೆ, ಫಲಕಗಳಲ್ಲಿ ವೇಗದ ಮಿತಿಯನ್ನು 80 ಕಿ.ಮೀ.ಗೆ ಇಳಿಸುತ್ತಾರೆ. ದುಬೈಯಲ್ಲಿ ರಸ್ತೆ ಮತ್ತು ಸಾರಿಗೆ ಪ್ರಾಧಿಕಾರವು ಪೊಲೀಸರ ಜೊತೆ ಸೇರಿ, ಕೆಟ್ಟ ವಾಹನಗಳನ್ನು ಬೇಗ ಸರಿಸಲು ಪ್ರತ್ಯೇಕ ಘಟಕವನ್ನು ನಡೆಸುತ್ತಿದೆ. ಹೆದ್ದಾರಿಗಳ ಬದಿಯಲ್ಲಿ ಲಾರಿಗಳಿಗೆಂದೇ ವಿಶ್ರಾಂತಿ ತಾಣಗಳನ್ನೂ ಕಟ್ಟಿದೆ.

ನಾವೇನು ಮಾಡಬಹುದು?

ನಾವು ಮಕ್ಕಳು, ನಮ್ಮಿಂದೇನಾದೀತು ಎನ್ನಬೇಡಿ. ನೆರವಿನ ಸರಪಳಿಯಲ್ಲಿ ದಾರಿಹೋಕರೂ ಒಂದು ಕೊಂಡಿ.

ಕಾರಿನಲ್ಲಿ ಕುಳಿತಾಗ ಕಳೆದ ಎಕ್ಸಿಟ್ಟಿನ ಸಂಖ್ಯೆ, ರಸ್ತೆಯ ಹೆಸರು, ಯಾವ ಊರಿನ ಕಡೆಗೆ ಹೋಗುತ್ತಿದ್ದೇವೆ ಎಂಬುದನ್ನು ಗಮನಿಸಿ. ಅಪಾಯಕರವಾಗಿ ನಿಂತ ವಾಹನ ಕಂಡರೆ ಪಕ್ಕದಲ್ಲಿ ಕುಳಿತವರು 999ಕ್ಕೆ ಕರೆ ಮಾಡಲಿ; ವಾಹನ ಓಡಿಸುವವರು ಫೋನ್ ಮುಟ್ಟಬಾರದು. ಹಳದಿ ಗೆರೆಯಾಚೆಯ ಅಂಚು ಇರುವುದು ಕೆಟ್ಟ ವಾಹನಗಳಿಗೆ ಮತ್ತು ತುರ್ತು ವಾಹನಗಳಿಗೆ. ಅಲ್ಲಿ ನುಗ್ಗಿ ಓವರ್‌ಟೇಕ್ ಮಾಡಬೇಡಿ ಎಂದು ಅಪ್ಪ ಅಮ್ಮನಿಗೆ ಹೇಳಿ. ನಿಂತ ಲಾರಿಯ ಹತ್ತಿರ ಬರುವಾಗ ವೇಗ ತಗ್ಗಿಸಿ, ಸಾಧ್ಯವಾದರೆ ಒಂದು ಲೇನ್ ದೂರ ಸರಿಯಿರಿ. ನೋಡಲೆಂದು ಥಟ್ಟನೆ ನಿಲ್ಲಿಸಬೇಡಿ. ಪೆಟ್ರೋಲ್ ಪಂಪಿನಲ್ಲಿ ಲಾರಿ ಚಾಲಕರು ಕಂಡರೆ ಒಂದು ತಣ್ಣನೆಯ ನೀರಿನ ಬಾಟಲಿ ಕೊಡಿ.

ಅಂದು ನಮಗೆ ಸಿಕ್ಕ ಆ ಚಾಲಕನಿಗೆ ನೆರವು ಯಾವಾಗ ಬಂತೋ ತಿಳಿಯಲಿಲ್ಲ. ಅವನ ಊರು, ಭಾಷೆ ಯಾವುದೆಂದೂ ಗೊತ್ತಿಲ್ಲ. ಅವನೂ ನಮ್ಮ ತಂದೆಯರಂತೆ ಮನೆಯವರಿಗಾಗಿ ಮನೆಬಿಟ್ಟು ಬಂದವನು ಎಂಬುದು ಮಾತ್ರ ಗೊತ್ತು. ಈಗ ನಮ್ಮ ಬಸ್ಸು ಹೆದ್ದಾರಿ ಹತ್ತಿದರೆ ಕಿಟಕಿಯ ಬಳಿ ಕುಳಿತವರು ಎಕ್ಸಿಟ್ ಸಂಖ್ಯೆಗಳನ್ನು ಗಟ್ಟಿಯಾಗಿ ಓದುತ್ತಾರೆ. ಟೀಚರ್ "ಗಲಾಟೆ ಮಾಡಬೇಡಿ" ಎಂದು ಗದರಿಸುವುದಿಲ್ಲ.